ಅರ್ಧ ಸೀಸೆ ವಿಷ, ಲಕ್ಷ ಕೋಟಿಯಲ್ಲೊಂದು ಕಣ

ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಸೋತು ಸತ್ತರು. ಅವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನವರು. ನೆಗಡಿ, ಕೆಮ್ಮು, ಜ್ವರಕ್ಕೆಂದು ವೈದ್ಯರ ಬಳಿ ಹೋದವರು. ಅವರಿಗೆ ಕುಡಿಸಿದ್ದ ‘ಕೋಲ್ಡ್ರಿಫ್’ ಎಂಬ ಸಿರಪ್ಪನ್ನು ತಮಿಳುನಾಡಿನ ಸರ್ಕಾರಿ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇರುವುದು ಕಂಡುಬಂತು. ಈ ದ್ರವಕ್ಕೆ ಔಷಧದಲ್ಲಿ ಇರುವ ಮಿತಿ ಶೇ 0.1. ಐದು ಮಿಲಿಲೀಟರಿನ ಒಂದು ಚಮಚ ಸಿರಪ್ಪಿನಲ್ಲಿ ಸುಮಾರು ಎರಡೂವರೆ ಗ್ರಾಂ ವಿಷ. ತಾಯಂದಿರು ಅದನ್ನು ಅಳೆದು, ಹೊತ್ತಿಗೆ ಸರಿಯಾಗಿ ಕುಡಿಸಿದ್ದರು.

ಈ ಸುದ್ದಿಯನ್ನು ಓದಿದ ಪರಿಚಿತರೊಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮ ದೇಶದಲ್ಲಿ ಇದನ್ನು ಕಂಡುಹಿಡಿಯುವ ಯಂತ್ರ ಇಲ್ಲವೇ?’ ಮೂರು ದಶಕ ಕಾಲ ಪದವಿ ತರಗತಿಗಳಿಗೆ ರಸಾಯನಶಾಸ್ತ್ರ ಬೋಧಿಸಿದವನಿಗೆ ಈ ಪ್ರಶ್ನೆ ಸಹಜವಾಗಿಯೇ ಕಾಡುತ್ತದೆ. ಯಂತ್ರ ಇದೆ, ಬೇಕಾದಷ್ಟು ಇವೆ. ಅಷ್ಟೇಕೆ, ಅರ್ಧದಷ್ಟು ವಿಷ ತುಂಬಿರುವ ಸೀಸೆಯನ್ನು ಗುರುತಿಸಲು ಯಂತ್ರವೇ ಬೇಕಾಗಿರಲಿಲ್ಲ ಎಂಬುದು ಈ ಪ್ರಕರಣದ ಅತ್ಯಂತ ನೋವಿನ ಸಂಗತಿ.

ಇದನ್ನು ತಿಳಿಯಲು ‘ಬೇರ್ಪಡಿಸುವುದು’ ಎಂಬ ವಿದ್ಯೆಯನ್ನು ಸ್ವಲ್ಪ ನೋಡಬೇಕು. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎಲೆಗಳ ರಸವನ್ನು ಸುಣ್ಣದಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಹರಿಸಿದ. ಹಸಿರಾಗಿ ಕಾಣುತ್ತಿದ್ದ ರಸ ಕೆಳಗಿಳಿಯುತ್ತಾ ಹಸಿರು, ಹಳದಿ ಪಟ್ಟೆಗಳಾಗಿ ಒಡೆಯಿತು. 1906ರಲ್ಲಿ ಈ ವಿಧಾನಕ್ಕೆ ಆತ ‘ಕ್ರೊಮೆಟೋಗ್ರಫಿ’ ಎಂಬ ಹೆಸರಿಟ್ಟ. ಕನ್ನಡದಲ್ಲಿ ವರ್ಣಲೇಖನ ಎನ್ನಬಹುದು. ತತ್ವ ಸರಳ. ಜಾತ್ರೆಯ ಬೀದಿಗೆ ಒಂದೇ ಬಾಗಿಲಿನಿಂದ ನೂರು ಜನ ಒಟ್ಟಿಗೆ ನುಗ್ಗಿದರೆನ್ನಿ. ಬಳೆ, ಬತ್ತಾಸಿನ ಅಂಗಡಿಗಳ ಮುಂದೆಲ್ಲ ನಿಲ್ಲುವವರು ಹಿಂದೆ ಬೀಳುತ್ತಾರೆ, ಯಾವುದಕ್ಕೂ ಮನಸೋಲದವರು ನೇರ ಆಚೆ ತುದಿ ಮುಟ್ಟುತ್ತಾರೆ. ಅಣುಗಳೂ ಹಾಗೆಯೇ. ದಾರಿಯಲ್ಲಿರುವ ವಸ್ತುವಿನೊಡನೆ ಯಾವುದಕ್ಕೆ ಎಷ್ಟು ನಂಟೋ ಅದು ಅಷ್ಟು ತಡವಾಗಿ ಹೊರಬರುತ್ತದೆ. ಇದೇ ತತ್ವವನ್ನು ಬೆಳೆಸಿದ ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮಾರ್ಟಿನ್ ಮತ್ತು ಜೇಮ್ಸ್ ಸೇರಿ, ದ್ರವದ ಬದಲು ಅನಿಲವನ್ನು ಹರಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮೆಟೋಗ್ರಫಿಯನ್ನು ಪ್ರಕಟಿಸಿದರು.

ಬೇರ್ಪಡಿಸುವುದಕ್ಕೆ ಇಷ್ಟು ಮಹತ್ವ ಏಕೆ? ಒಂದು ವಸ್ತು ‘ಎಷ್ಟಿದೆ’ ಎಂದು ಅಳೆಯುವ ಮೊದಲು ಅದು ‘ಅದೇ ಹೌದೇ’ ಎಂದು ಖಾತರಿಯಾಗಬೇಕು. 2008ರ ಚೀನಾದ ಹಾಲಿನ ಪುಡಿಯ ಹಗರಣ ಓದುಗರಿಗೆ ನೆನಪಿರಬಹುದು. ಹಾಲಿನ ಪ್ರೋಟೀನನ್ನು ಅಳೆಯಲು ಅಲ್ಲಿ ಬಳಸುತ್ತಿದ್ದುದು ಡೆನ್ಮಾರ್ಕಿನ ಜೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನ. ಅದು ಪ್ರೋಟೀನನ್ನು ನೋಡುವುದಿಲ್ಲ, ಮಾದರಿಯನ್ನು ಆಮ್ಲದಲ್ಲಿ ಕುದಿಸಿ ಒಟ್ಟು ಸಾರಜನಕವನ್ನು ಲೆಕ್ಕ ಹಾಕುತ್ತದೆ. ಸಾರಜನಕ ಪ್ರೋಟೀನಿನಿಂದ ಬಂದಿತೋ ಬೇರೆಲ್ಲಿಂದಲೋ ಎಂದು ಅದಕ್ಕೆ ತಿಳಿಯದು. ಹಾಲಿಗೆ ನೀರು ಬೆರೆಸಿದವರು ಈ ಕುರುಡನ್ನು ಚೆನ್ನಾಗಿ ಅರಿತಿದ್ದರು. ಪ್ಲಾಸ್ಟಿಕ್ ಉದ್ಯಮದ ಮೆಲಮಿನ್ ಪುಡಿಯಲ್ಲಿ ಸಾರಜನಕ ಹೇರಳವಾಗಿದೆ, ಅದನ್ನು ಸುರಿದರು. ಪರೀಕ್ಷೆಯಲ್ಲಿ ಹಾಲು ಉತ್ತೀರ್ಣವಾಯಿತು. ಸುಮಾರು ಮೂರು ಲಕ್ಷ ಶಿಶುಗಳು ಕಾಯಿಲೆ ಬಿದ್ದವು, ಆರು ಸತ್ತವು. ಮೊದಲು ಬೇರ್ಪಡಿಸಿ ಬಳಿಕ ಗುರುತಿಸುವ ಯಾವ ವಿಧಾನದ ಮುಂದೆಯೂ ಈ ಮೋಸ ಒಂದು ದಿನ ನಿಲ್ಲುತ್ತಿರಲಿಲ್ಲ.

ಸಿರಪ್ಪಿನ ಕಥೆಯೂ ಇದೇ ಜಾತಿಯದು. ಕಹಿ ಔಷಧವನ್ನು ಕರಗಿಸಿ ಸಿಹಿಯಾದ, ಮಂದವಾದ ಪಾನೀಯವಾಗಿಸಲು ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬೇಕು. ಡೈಎಥಿಲೀನ್ ಗ್ಲೈಕಾಲ್ ಕೂಡ ಬಣ್ಣವಿಲ್ಲದ, ಸಿಹಿಯಾದ, ಮಂದ ದ್ರವವೇ. ಅದು ಕೈಗಾರಿಕೆಯ ಸರಕು, ಬೆಲೆಯೂ ಕಡಿಮೆ. ಪೀಪಾಯಿಯ ಮುಚ್ಚಳ ತೆಗೆದು ನೋಡಿದರೆ, ಮೂಸಿದರೆ ವ್ಯತ್ಯಾಸ ತಿಳಿಯದು. ಆದರೆ ಬಿಸಿಗೆ ತಿಳಿಯುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡೈಎಥಿಲೀನ್ ಗ್ಲೈಕಾಲ್ ಸುಮಾರು 245ರಲ್ಲಿ, ಗ್ಲಿಸರಿನ್ 290ರಲ್ಲಿ. ಗ್ಯಾಸ್ ಕ್ರೊಮೆಟೋಗ್ರಫಿಯ ಕೊಳವೆಯೊಳಗೆ ಈ ಮೂರು ಒಟ್ಟಿಗೆ ಹೊರಟರೂ ಒಂದೊಂದು ಒಂದೊಂದು ಹೊತ್ತಿಗೆ ಹೊರಬರುತ್ತವೆ. ಕಾಗದದ ಮೇಲೆ ಮೂರು ಪ್ರತ್ಯೇಕ ಶಿಖರಗಳು ಮೂಡುತ್ತವೆ. ಯಂತ್ರ ಕೊಳ್ಳಲಾಗದ ಕಡೆ ತೆಳುಪದರ ವಿಧಾನವಿದೆ. ಸಿಲಿಕಾ ಲೇಪಿಸಿದ ಅಂಗೈಯಗಲದ ಫಲಕದ ತಳದಲ್ಲಿ ಸಂಶಯದ ದ್ರವದ ಒಂದು ಚುಕ್ಕೆ, ಪಕ್ಕದಲ್ಲಿ ಶುದ್ಧ ವಸ್ತುವಿನ ಚುಕ್ಕೆ, ಮತ್ತೊಂದು ಪಕ್ಕದಲ್ಲಿ ವಿಷದ ಚುಕ್ಕೆ ಇಟ್ಟು ತಕ್ಕ ದ್ರಾವಕದಲ್ಲಿ ನಿಲ್ಲಿಸಿದರೆ, ದ್ರಾವಕ ಮೇಲೇರುತ್ತಾ ಚುಕ್ಕೆಗಳನ್ನು ಬೇರೆ ಬೇರೆ ಎತ್ತರಕ್ಕೆ ಒಯ್ಯುತ್ತದೆ. ಬಣ್ಣ ಬರಿಸುವ ರಾಸಾಯನಿಕ ಸಿಂಪಡಿಸಿ ಹೋಲಿಸಿದರೆ ಮುಗಿಯಿತು. ನನ್ನ ಬಿ.ಎಸ್ಸಿ. ವಿದ್ಯಾರ್ಥಿಗಳು ಶೋಧಕ ಕಾಗದದ ಮೇಲೆ ಶಾಯಿಯ ಬಣ್ಣಗಳನ್ನು ಬಿಡಿಸುವುದರಿಂದ ಆರಂಭಿಸಿ ವರ್ಷ ಮುಗಿಯುವುದರೊಳಗೆ ಇಂತಹ ಫಲಕಗಳನ್ನು ಓದುವುದನ್ನು ಕಲಿಯುತ್ತಿದ್ದರು. ಶೇ 48ರಷ್ಟು ವಿಷ ಅವರ ಕಣ್ಣಿಗೂ ಬೀಳುತ್ತಿತ್ತು.

ಇನ್ನು ಈ ವಿದ್ಯೆಯ ಇನ್ನೊಂದು ತುದಿಗೆ ಬರೋಣ. ಕಳೆದ ಮೂರು ದಶಕಗಳಲ್ಲಿ ಅಲ್ಲಿ ಆಗಿರುವುದು ಅಕ್ಷರಶಃ ಕ್ರಾಂತಿ. ಬೇರ್ಪಟ್ಟು ಹೊರಬರುವ ಅಣುಗಳನ್ನು ಒಂದೊಂದಾಗಿ ತೂಗುವ ಮಾಸ್ ಸ್ಪೆಕ್ಟ್ರೋಮೀಟರಿಗೆ ದ್ರವದ ಮಾದರಿಯನ್ನು ಉಣಿಸುವುದು ಬಹುಕಾಲ ದುಸ್ತರವಾಗಿತ್ತು. ತೂಗಬೇಕಾದರೆ ಅಣು ನಿರ್ವಾತದಲ್ಲಿ ವಿದ್ಯುದಂಶ ಹೊತ್ತು ಹಾರಬೇಕು, ಕರಗಿದ ಅಣುವಿಗೆ ಅದು ಹೇಗೆ ಸಾಧ್ಯ? ಅಮೆರಿಕದ ಜಾನ್ ಫೆನ್, ದ್ರವವನ್ನು ವಿದ್ಯುತ್ ಹಾಯಿಸಿದ ಸೂಜಿಯಿಂದ ತುಂತುರಾಗಿ ಸಿಡಿಸಿ, ಹನಿಗಳು ಆರುತ್ತಾ ಅಣುಗಳು ಒಡೆಯದೆ ಹೊರಬೀಳುವಂತೆ ಮಾಡಿದರು. 2002ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಅಂದಿನಿಂದ ಬೇರ್ಪಡಿಸುವ ಕೊಳವೆ ಮತ್ತು ತೂಗುವ ಯಂತ್ರ ಬೆಸೆದುಕೊಂಡಿವೆ. ಕೊಳವೆಯೊಳಗಿನ ಕಣಗಳು ಎರಡು ಮೈಕ್ರಾನಿಗಿಂತಲೂ ಸಣ್ಣದಾಗಿ, ಅರ್ಧ ಗಂಟೆಯ ಕೆಲಸ ಕೆಲವು ನಿಮಿಷಕ್ಕಿಳಿದಿದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಆರ್ಬಿಟ್ರ್ಯಾಪ್ ಎಂಬ ಯಂತ್ರ, ದಶಮಾಂಶದ ಮೂರು ನಾಲ್ಕನೆಯ ಸ್ಥಾನದವರೆಗೂ ಅಣುವಿನ ತೂಕ ಹೇಳಿ, ಹೆಚ್ಚುಕಡಿಮೆ ಒಂದೇ ತೂಕದ ಎರಡು ಅಣುಗಳನ್ನು ಬೇರೆಯೆಂದು ಗುರುತಿಸುತ್ತದೆ. ಮಾವಿನಹಣ್ಣಿನ ಒಂದು ತುಣುಕಿನಲ್ಲಿ ನೂರಾರು ಕೀಟನಾಶಕಗಳನ್ನು ಒಂದೇ ಸಲಕ್ಕೆ ಹುಡುಕಬಹುದು. ಹಸುಳೆಯ ಹಿಮ್ಮಡಿಯಿಂದ ತೆಗೆದ ಒಂದು ಹನಿ ಒಣ ರಕ್ತದಲ್ಲಿ ಹತ್ತಾರು ಹುಟ್ಟುದೋಷಗಳ ಸುಳಿವು ಸಿಗುತ್ತದೆ.

ಈ ಕಣ್ಣು ಎಷ್ಟು ಚುರುಕೆಂದರೆ, ಅದು ಲಕ್ಷ ಕೋಟಿಯಲ್ಲಿ ಒಂದು ಭಾಗವನ್ನೂ ಕಾಣಬಲ್ಲದು. ತುಂಬಿದ ಕೃಷ್ಣರಾಜಸಾಗರದಲ್ಲಿ 49 ಟಿಎಂಸಿ ಅಡಿಗಿಂತ ತುಸು ಹೆಚ್ಚು ನೀರಿರುತ್ತದೆ, ಸರಿಸುಮಾರು ಒಂದೂಕಾಲು ಲಕ್ಷ ಕೋಟಿ ಲೀಟರನ್ನೂ ಮೀರಿದ ಮೊತ್ತ. ಅದಕ್ಕೆ ಒಂದೂವರೆ ಕಿಲೋಗಿಂತಲೂ ಕಡಿಮೆ ಸಕ್ಕರೆ ಬೆರೆಸಿದರೆ ಲಕ್ಷ ಕೋಟಿಯಲ್ಲಿ ಒಂದು ಭಾಗವಾಗುತ್ತದೆ. ಇದೇ ಅಳತೆಯಲ್ಲಿ ಹೇಳುವುದಾದರೆ ಛಿಂದ್ವಾಡಾದ ಸೀಸೆಯಲ್ಲಿದ್ದದ್ದು ಹೆಚ್ಚುಕಡಿಮೆ ಅರ್ಧ ಅಣೆಕಟ್ಟು.

ಕಣ್ಣು ಚುರುಕಾದಂತೆ ‘ಸೊನ್ನೆ’ ಎಂಬ ಮಾತಿನ ಅರ್ಥವೂ ಕರಗುತ್ತಾ ಬಂದಿದೆ. ಕ್ಯಾನ್ಸರ್ ತರುವ ಯಾವ ವಸ್ತುವನ್ನೂ ಆಹಾರಕ್ಕೆ ಸೇರಿಸಕೂಡದು ಎಂಬ ನಿಯಮವನ್ನು ಅಮೆರಿಕ 1958ರಲ್ಲಿ ಮಾಡಿದಾಗ, ಆ ಕಾಲದ ಉಪಕರಣಕ್ಕೆ ಕಾಣದ್ದೆಲ್ಲ ಸೊನ್ನೆಯೇ ಆಗಿತ್ತು. ಉಪಕರಣಗಳು ಬೆಳೆದಂತೆ ಎಲ್ಲದರಲ್ಲೂ ಎಲ್ಲವೂ ಸ್ವಲ್ಪ ಸ್ವಲ್ಪ ಕಾಣತೊಡಗಿ, 1996ರಲ್ಲಿ ಕೀಟನಾಶಕಗಳ ಉಳಿಕೆಯನ್ನು ಆ ನಿಯಮದಿಂದ ಹೊರಗಿಡಬೇಕಾಯಿತು. ನಮ್ಮಲ್ಲಿ ಈ ಚರ್ಚೆ ಮನೆಮನೆಗೆ ಬಂದದ್ದು 2003ರಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ತಂಪು ಪಾನೀಯಗಳಲ್ಲಿ ಕೀಟನಾಶಕವಿದೆ ಎಂದಾಗ ಸರ್ಕಾರ ಮಾದರಿಗಳನ್ನು ಮೈಸೂರಿನ ಸಿಎಫ್‌ಟಿಆರ್‌ಐಗೂ ಕೋಲ್ಕತ್ತಾದ ಕೇಂದ್ರ ಪ್ರಯೋಗಾಲಯಕ್ಕೂ ಕಳಿಸಿತು. ಅಂಕಿಗಳು ಕೇಂದ್ರದವರು ಹೇಳಿದ್ದಕ್ಕಿಂತ ಕಡಿಮೆ ಬಂದವು, ಆದರೂ ಹನ್ನೆರಡರಲ್ಲಿ ಒಂಬತ್ತು ಮಾದರಿಗಳು ಐರೋಪ್ಯ ಮಿತಿಯನ್ನು ಮೀರಿದ್ದವು. ‘ಇದೆಯೇ ಇಲ್ಲವೇ’ ಎಂಬ ಜಗಳ ‘ಎಷ್ಟಿದ್ದರೆ ತಪ್ಪು’ ಎಂಬುದಕ್ಕೆ ತಿರುಗಿದ್ದು ಆಗ. ಅದು ಆರೋಗ್ಯಕರ ತಿರುವೆಂದೇ ನನ್ನ ಎಣಿಕೆ.

ಚುರುಕಾದ ಕಣ್ಣಿಗೂ ಭ್ರಮೆ ಉಂಟು. ರಕ್ತದೊತ್ತಡದ ವಾಲ್ಸಾರ್ಟನ್ ಮಾತ್ರೆಯಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಎನ್‌ಡಿಎಂಎ ಎಂಬ ವಸ್ತು 2018ರಲ್ಲಿ ಪತ್ತೆಯಾಯಿತು. ಚೀನಾದ ಕಾರ್ಖಾನೆಯೊಂದು ತಯಾರಿಕೆಯ ಕ್ರಮವನ್ನು 2012ರಲ್ಲೇ ಬದಲಿಸಿತ್ತು. ಅದು ಅಲ್ಲಿರಬಹುದೆಂದು ಯಾರೂ ಹುಡುಕಿರಲಿಲ್ಲ, ಹಾಗಾಗಿ ಯಾರಿಗೂ ಕಂಡಿರಲಿಲ್ಲ. ಆ ಗಾಬರಿಯಲ್ಲೇ 2019ರಲ್ಲಿ ಅಮೆರಿಕದ ಖಾಸಗಿ ಪ್ರಯೋಗಾಲಯವೊಂದು ಹೊಟ್ಟೆಯುರಿಯ ರಾನಿಟಿಡಿನ್ ಮಾತ್ರೆಯಲ್ಲಿ ಇದೇ ವಸ್ತು ಸುಮಾರು ಮೂವತ್ತು ಲಕ್ಷ ನ್ಯಾನೋಗ್ರಾಂ ಇದೆ ಎಂದಿತು. ದಿನದ ಮಿತಿ 96 ನ್ಯಾನೋಗ್ರಾಂ! ಪರಿಶೀಲಿಸಿದಾಗ ತಿಳಿದದ್ದು ಇಷ್ಟು: ಪರೀಕ್ಷೆಗಾಗಿ ಮಾದರಿಯನ್ನು 130 ಡಿಗ್ರಿಗೆ ಕಾಯಿಸಿದಾಗ ಮಾತ್ರೆಯೇ ಒಡೆದು ಆ ವಿಷ ಹುಟ್ಟುತ್ತಿತ್ತು. ಬಿಸಿ ಮಾಡದೆ ದ್ರವ ಕ್ರೊಮೆಟೋಗ್ರಫಿಯಲ್ಲಿ ನೋಡಿದಾಗ ಅಂಕಿ ಬಹಳ ಕೆಳಗಿಳಿಯಿತು. ಸೊನ್ನೆಗೇನೂ ಇಳಿಯಲಿಲ್ಲ, ದಾಸ್ತಾನಿನ ಸೆಕೆಯಲ್ಲೂ ಅದು ನಿಧಾನವಾಗಿ ಹುಟ್ಟುತ್ತದೆಂದು ತಿಳಿದು, 2020ರ ಏಪ್ರಿಲ್‌ನಲ್ಲಿ ಆ ಮಾತ್ರೆಯನ್ನು ಅಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲು ಸೂಚಿಸಲಾಯಿತು. ಯಂತ್ರದ ಅಂಕಿಯನ್ನು ಓದುವ ಮುನ್ನ ಅದರ ಮುಂದೆ ನಿಂತವರು ಏನು ಮಾಡಿದರು ಎಂದು ಕೇಳಬೇಕಾದುದು ಇದಕ್ಕೇ.

ಒಂದು ಕಡೆ ಕೋಟ್ಯಂತರ ರೂಪಾಯಿಯ ಯಂತ್ರಗಳಿಂದ ನ್ಯಾನೋಗ್ರಾಮಿನ ಚರ್ಚೆ, ಇನ್ನೊಂದು ಕಡೆ ಅರ್ಧ ಸೀಸೆ ವಿಷ. ಈ ಎರಡನ್ನೂ ಒಂದೇ ದೇಶ, ಒಂದೇ ಉದ್ಯಮ ಹೊತ್ತುಕೊಂಡಿದೆ. ಡೈಎಥಿಲೀನ್ ಗ್ಲೈಕಾಲ್ ಹೊಸ ಶತ್ರುವಲ್ಲ. 1937ರಲ್ಲಿ ಅಮೆರಿಕದಲ್ಲಿ ಅದು ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದರಿಂದಲೇ ಅಲ್ಲಿನ ಔಷಧ ಕಾಯ್ದೆ ಮರುವರ್ಷ ಬಿಗಿಯಾಯಿತು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್ ಕುಡಿದು 14 ರೋಗಿಗಳು ಸತ್ತರು, ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 1998ರಲ್ಲಿ ಗುರುಗ್ರಾಮ, 2020ರಲ್ಲಿ ಜಮ್ಮುವಿನ ರಾಮನಗರ. 2022ರಲ್ಲಿ ಗ್ಯಾಂಬಿಯಾ ಮತ್ತು ಉಜ್ಬೇಕಿಸ್ತಾನದಲ್ಲಿ ಸತ್ತ ಮಕ್ಕಳ ಸಂಖ್ಯೆ ನೂರನ್ನು ಮೀರಿತು. ಅಲ್ಲಿನ ಸಾವುಗಳೊಡನೆ ತಳುಕುಹಾಕಿಕೊಂಡ ಸಿರಪ್ಪುಗಳು ಭಾರತದಲ್ಲಿ ತಯಾರಾದವು. ಪ್ರತಿ ಸಲವೂ ಪತ್ತೆಯ ವಿಧಾನ ಕೈಯಲ್ಲೇ ಇತ್ತು.

ಛಿಂದ್ವಾಡಾದ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದುವರೆಗೆ ಪರೀಕ್ಷೆಯಾದ ಮಾದರಿಗಳಲ್ಲಿ ವಿಷವಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಅಕ್ಟೋಬರ್ 3ರಂದು ಹೇಳಿತ್ತು. ಆ ಪರೀಕ್ಷೆಗಳು ಸುಳ್ಳೆಂದೇನೂ ಅಲ್ಲ. ಕಾಂಚೀಪುರಂನ ಕಾರ್ಖಾನೆಯಿಂದಲೇ ತೆಗೆದ ಮಾದರಿಯ ಫಲಿತಾಂಶ ತಮಿಳುನಾಡಿನಿಂದ ಬಂದಾಗ ಚಿತ್ರ ಬದಲಾಯಿತು. ಯಾವ ಸೀಸೆ ಪ್ರಯೋಗಾಲಯದ ಮೇಜಿಗೆ ಬರುತ್ತದೆ ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ. ಔಷಧ ಇನ್‌ಸ್ಪೆಕ್ಟರ್ ನಿರ್ಧರಿಸುತ್ತಾನೆ, ಅದೂ ಹೆಚ್ಚಿನ ಕಡೆ ಸಾವಿನ ನಂತರ.

ವಿಷ ಬೆರೆಯುವುದು ಸೀಸೆಯಲ್ಲಲ್ಲ, ಪೀಪಾಯಿಯಲ್ಲಿ. ಆದ್ದರಿಂದ ಪರೀಕ್ಷೆ ನಡೆಯಬೇಕಾದ ಜಾಗ ಕಾರ್ಖಾನೆಯ ಉಗ್ರಾಣದ ಬಾಗಿಲು. ಕಚ್ಚಾವಸ್ತುವನ್ನು ಪರೀಕ್ಷಿಸಿಯೇ ಬಳಸಬೇಕೆಂದು ನಮ್ಮ ನಿಯಮಗಳು ಹೇಳುತ್ತವೆ. ಛಿಂದ್ವಾಡಾದ ನಂತರ ಕೇಂದ್ರದ ಔಷಧ ನಿಯಂತ್ರಕರು ಅದನ್ನೇ ಮತ್ತೊಮ್ಮೆ ರಾಜ್ಯಗಳಿಗೆ ನೆನಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಗ್ಯಾಂಬಿಯಾದ ದುರಂತದ ಬಳಿಕ ಎರಡು ಹಂತದ ವಿಧಾನವೊಂದನ್ನು ರೂಪಿಸಿದೆ: ಮೊದಲು ಅಗ್ಗದ ತೆಳುಪದರ ಫಲಕ, ಅಲ್ಲಿ ಸಂಶಯ ಬಂದದ್ದಕ್ಕೆ ಮಾತ್ರ ಗ್ಯಾಸ್ ಕ್ರೊಮೆಟೋಗ್ರಫಿ. ಪ್ರತಿ ಪೀಪಾಯಿಗೂ ಒಂದು ಫಲಕ, ಅದರ ಛಾಯಾಚಿತ್ರ ಆ ಬ್ಯಾಚಿನ ದಾಖಲೆಯೊಡನೆ, ಇನ್‌ಸ್ಪೆಕ್ಟರ್ ಬಂದಾಗ ಮೊದಲು ಕೇಳುವ ಕಾಗದ ಅದೇ. ಇಷ್ಟನ್ನು ಜಾರಿಗೆ ತರಲು ಯಾವ ಸಂಶೋಧನೆಗೂ ಕಾಯಬೇಕಾಗಿಲ್ಲ.

ಹಾಗೆಂದು ಕಟ್ಟುನಿಟ್ಟು ನಮಗೆ ಬಾರದ ವಿದ್ಯೆಯೇನಲ್ಲ. ಗ್ಯಾಂಬಿಯಾದಿಂದ ದೇಶದ ಹೆಸರು ಕೆಟ್ಟ ಮೇಲೆ, 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್ಪುಗಳೆಲ್ಲ ಸರ್ಕಾರ ಗೊತ್ತುಪಡಿಸಿದ ಪ್ರಯೋಗಾಲಯದ ಪ್ರಮಾಣಪತ್ರ ಪಡೆದೇ ಗಡಿ ದಾಟಬೇಕೆಂದು ಕೇಂದ್ರ ಆದೇಶಿಸಿತು. ಕಾಂಚೀಪುರಂನಿಂದ ಛಿಂದ್ವಾಡಾಕ್ಕೆ ಹೋದ ಸಿರಪ್ಪು ಯಾವ ಗಡಿಯನ್ನೂ ದಾಟಬೇಕಾಗಿರಲಿಲ್ಲ.