ಯೋಜನಾ ನಿರ್ವಹಣೆಯ ಪ್ರಮಾಣಪತ್ರ: ಯಾರಿಗೆ ಯಾವುದು, ಯಾವಾಗ?

ಹೈದರಾಬಾದಿನ ತಾರ್ನಾಕವು ವಿದ್ಯಾರ್ಥಿಗಳೂ ನೌಕರರೂ ಹೆಚ್ಚಾಗಿ ನೆಲೆಸಿರುವ ಪ್ರದೇಶ. ಉಸ್ಮಾನಿಯಾ ವಿಶ್ವವಿದ್ಯಾಲಯ, ರಾಷ್ಟ್ರೀಯ ಪೋಷಣಾ ಸಂಸ್ಥೆ, ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, 1957ರಲ್ಲಿ ಆರಂಭವಾದ ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ತರಬೇತಿ ಸಂಸ್ಥೆ ಇವೆಲ್ಲ ಇದರ ಆಸುಪಾಸಿನಲ್ಲಿವೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಓದಿಗಾಗಿ, ಉದ್ಯೋಗಕ್ಕಾಗಿ ಅಲ್ಲಿಂದ ಈ ನಗರಕ್ಕೆ ಬರುವ ಕನ್ನಡಿಗರು ಇಂದಿಗೂ ಇದ್ದಾರೆ. ಅಂಥವರಲ್ಲಿ ಅನೇಕರನ್ನು ಕಾಡುವ ಪ್ರಶ್ನೆಯೊಂದನ್ನು ಇಲ್ಲಿ ವಿವೇಚಿಸಲಾಗಿದೆ. ಯೋಜನಾ ನಿರ್ವಹಣೆಯ ಪ್ರಮಾಣಪತ್ರಗಳು ಹಲವು. ಅವುಗಳಲ್ಲಿ ತಮಗೆ ತಕ್ಕುದು ಯಾವುದು? ಪ್ರಮುಖ ಪರೀಕ್ಷೆಗಳ ಶುಲ್ಕವು ವಿದೇಶಿ ಸಂಸ್ಥೆಗಳಿಗೆ ಸಲ್ಲತಕ್ಕದ್ದು. ತರಬೇತಿಯ ವೆಚ್ಚ ಅದಕ್ಕೆ ಸೇರಿದರೆ, ಆಗತಾನೆ ಕೆಲಸಕ್ಕೆ ಸೇರಿದವರಿಗೆ ಅದು ಸಣ್ಣ ಮೊತ್ತವೇನಲ್ಲ.

ಯೋಜನೆ ಎಂದರೆ ಯಾವುದು?

ಮೊದಲು ಪದದ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಪಂಚವಾರ್ಷಿಕ ಯೋಜನೆಯೂ ಯೋಜನೆಯೇ, ವೃದ್ಧಾಪ್ಯ ವೇತನ ಯೋಜನೆಯೂ ಯೋಜನೆಯೇ, ಅಣೆಕಟ್ಟಿನ ನಿರ್ಮಾಣವೂ ಯೋಜನೆಯೇ. (ಆಡಳಿತದ ಕಡತಗಳನ್ನು ಅನುವಾದಿಸುವವರಿಗೆ ಈ ಒಂದೇ ಪದ ಕೊಡುವ ಕಷ್ಟ ಅಷ್ಟಿಷ್ಟಲ್ಲ.) ಪ್ರಮಾಣಪತ್ರ ನೀಡುವ ಸಂಸ್ಥೆಗಳ ದೃಷ್ಟಿಯಲ್ಲಿ ಮಾತ್ರ ಇದರ ಅರ್ಥ ಖಚಿತ: ಗೊತ್ತಾದ ಆರಂಭ, ಗೊತ್ತಾದ ಮುಕ್ತಾಯ ಮತ್ತು ಹಿಂದೆ ಇರದಿದ್ದ ಒಂದು ಫಲ, ಈ ಮೂರೂ ಉಳ್ಳ ಕಾರ್ಯವೇ ಯೋಜನೆ.

ತಾರ್ನಾಕದ ಮೆಟ್ರೋ ನಿಲ್ದಾಣವೇ ಇದಕ್ಕೆ ತಕ್ಕ ನಿದರ್ಶನ. ಹೈದರಾಬಾದ್ ಮೆಟ್ರೋಗೆ 2010ರಲ್ಲಿ ಒಪ್ಪಂದವಾಯಿತು. ತಾರ್ನಾಕವನ್ನು ಒಳಗೊಂಡ ನಾಗೋಲ್–ಮಿಯಾಪುರ ನಡುವಣ ಸುಮಾರು 30 ಕಿ.ಮೀ. ಮಾರ್ಗವು 2017ರ ನವೆಂಬರ್ 28ರಂದು ಉದ್ಘಾಟನೆಗೊಂಡಿತು. ಅಲ್ಲಿಯವರೆಗಿನದು ಯೋಜನೆ. ಮರುದಿನದಿಂದ ಹೊತ್ತು ಹೊತ್ತಿಗೆ ರೈಲು ಓಡಿಸುವುದು, ಟಿಕೆಟ್ ಕೊಡುವುದು ದೈನಂದಿನ ನಿರ್ವಹಣೆ. ಕಂಬಗಳ ಕಾಮಗಾರಿಯನ್ನು ನಡೆಸಿದ ಅಭಿಯಂತರನ ಮೂರು ವರ್ಷಗಳು ಯೋಜನಾನುಭವವೆನಿಸುತ್ತವೆ. ನಿಲ್ದಾಣದಲ್ಲಿ ಅಷ್ಟೇ ನಿಷ್ಠೆಯಿಂದ ದುಡಿದ ಅಧಿಕಾರಿಯ ಮೂರು ವರ್ಷಗಳು ಹಾಗೆನಿಸುವುದಿಲ್ಲ. ಇದು ಅವರವರ ಯೋಗ್ಯತೆಯ ಅಳತೆಯಲ್ಲ, ಕೆಲಸದ ಸ್ವರೂಪದ ವ್ಯತ್ಯಾಸ. ಅದೇ ಅಧಿಕಾರಿಗೆ ಟಿಕೆಟ್ ವ್ಯವಸ್ಥೆಯನ್ನು ಗೊತ್ತಾದ ಅವಧಿಯಲ್ಲಿ ಬದಲಾಯಿಸುವ ಹೊಣೆ ದೊರೆತರೆ, ಆ ತಿಂಗಳುಗಳು ಲೆಕ್ಕಕ್ಕೆ ಬರಬಲ್ಲವು.

ವೃತ್ತಿಯ ಹಂತ ಮತ್ತು ಆಯ್ಕೆ

1969ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ನೀಡುವ ಪಿ.ಎಂ.ಪಿ. ಹೆಸರು ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿದೆ. ಆದರೆ ಇದು ಕೇವಲ ಓದಿ ಗಳಿಸುವ ಪ್ರಮಾಣಪತ್ರವಲ್ಲ. ಪದವೀಧರರು ಯೋಜನೆಗಳನ್ನು ಮುನ್ನಡೆಸಿದ 36 ತಿಂಗಳ ಅನುಭವವನ್ನು ತೋರಿಸಬೇಕು. ಪ್ರೌಢ ಶಿಕ್ಷಣ ಮಾತ್ರ ಮುಗಿಸಿದವರು 60 ತಿಂಗಳ ಅನುಭವವನ್ನು ತೋರಿಸಬೇಕು. ಜೊತೆಗೆ 35 ಗಂಟೆಗಳ ತರಬೇತಿಯೂ ಆಗಿರಬೇಕು. ಈ ನಿಯಮಗಳು ಆಗಾಗ ಪರಿಷ್ಕೃತವಾಗುವುದರಿಂದ ಅರ್ಜಿಗೆ ಮೊದಲು ಸಂಸ್ಥೆಯ ಕೈಪಿಡಿಯನ್ನೇ ನೋಡುವುದು ಅಗತ್ಯ.

ಬೀದರಿನಿಂದ ಬಂದು ಬಿ.ಇ. ಮುಗಿಸಿದ ತರುಣನೊಬ್ಬನು ತರಬೇತಿ ಕೇಂದ್ರವೊಂದರ ಜಾಹೀರಾತನ್ನು ನಂಬಿ ಪಿ.ಎಂ.ಪಿ. ತರಗತಿಗೆ ಹಣ ಕಟ್ಟಿದನೆಂದು ಭಾವಿಸೋಣ. ತರಗತಿ ಮುಗಿದೀತು, ಪರೀಕ್ಷೆಗೆ ಅರ್ಹತೆ ಮಾತ್ರ ಸಿಗದು. ಕೇಂದ್ರವು ಕೊಡುವ ‘ತರಬೇತಿ ಪೂರೈಸಿದ’ ಪತ್ರ ಪಿ.ಎಂ.ಪಿ. ಅಲ್ಲ. ಆತನ ಹಂತಕ್ಕೆ ಅದೇ ಸಂಸ್ಥೆಯ ಸಿ.ಎ.ಪಿ.ಎಂ. ಇದೆ, ಅದಕ್ಕೆ ಅನುಭವ ಬೇಡ, 23 ಗಂಟೆಗಳ ಶಿಕ್ಷಣ ಸಾಕು. ಆದರೂ ಉದ್ಯೋಗವೇ ಇಲ್ಲದವನು ಇದೊಂದರಿಂದ ನಿರ್ವಾಹಕನಾಗುವೆನೆಂದು ಎಣಿಸಲಾಗದು. ಮೊದಲು ಯಾವುದಾದರೂ ಕಾಮಗಾರಿಯಲ್ಲಿ ಕಿರಿಯ ಹುದ್ದೆ, ಆಮೇಲೆ ಪರೀಕ್ಷೆ ಎಂಬ ಕ್ರಮವೇ ಮೇಲು.

ಬ್ರಿಟಿಷ್ ಸರ್ಕಾರದ ಬಳಕೆಗಾಗಿ ರೂಪುಗೊಂಡು 1996ರಲ್ಲಿ ಹೊಸ ರೂಪ ಪಡೆದ ಪ್ರಿನ್ಸ್-2 ಪದ್ಧತಿಯ ಪ್ರಥಮ ಹಂತದ ಪರೀಕ್ಷೆಗೂ ಅನುಭವದ ನಿರ್ಬಂಧವಿಲ್ಲ. ಬ್ರಿಟನ್ ಅಥವಾ ಯುರೋಪಿನ ಗ್ರಾಹಕರಿರುವ ಕಂಪನಿಗಳಲ್ಲಿ ದುಡಿಯುವವರಿಗೆ ಇದು ಉಪಯುಕ್ತ. ಹಿರಿಯರಿಗೆ ಐ.ಪಿ.ಎಂ.ಎ. ಸಂಸ್ಥೆಯ ಎ, ಬಿ, ಸಿ, ಡಿ ಎಂಬ ನಾಲ್ಕು ಶ್ರೇಣಿಗಳು ಪರಿಶೀಲನಾರ್ಹ. ಡಿ ಆರಂಭದ್ದು, ಎ ಅತ್ಯುನ್ನತವಾದದ್ದು. ಇವು ಯಾವುವೂ ವಿಶ್ವವಿದ್ಯಾಲಯದ ಪದವಿಗಳಲ್ಲ. ನಿರ್ಮಾಣ ಕ್ಷೇತ್ರದಲ್ಲಿಯೇ ನೆಲೆನಿಲ್ಲಬಯಸುವ ಯುವ ಅಭಿಯಂತರರು ಶಾಮೀರ್‌ಪೇಟೆಯ ನಿಕ್ಮಾರ್‌ನಂತಹ ಸಂಸ್ಥೆಯಲ್ಲಿ ಪೂರ್ಣಾವಧಿ ವ್ಯಾಸಂಗ ಮಾಡುವುದನ್ನೂ ತೂಗಿ ನೋಡಬೇಕು.

ಸರ್ಕಾರಿ ಕ್ಷೇತ್ರವೂ ಈ ವಿದ್ಯೆಯತ್ತ ಗಮನ ಹರಿಸಿದೆ. ನೀತಿ ಆಯೋಗ ಮತ್ತು ಭಾರತೀಯ ಗುಣಮಟ್ಟ ಮಂಡಳಿಗಳು 2020ರ ಅಕ್ಟೋಬರಿನಲ್ಲಿ ಯೋಜನಾ ನಿರ್ವಹಣೆಯ ರಾಷ್ಟ್ರೀಯ ನೀತಿ ಚೌಕಟ್ಟನ್ನು ಹೊರತಂದವು. ಕಾಮಗಾರಿ ತಡವಾದಷ್ಟೂ ವೆಚ್ಚ ಏರುವುದನ್ನು ತಡೆಯಬಲ್ಲ ನುರಿತ ಸಿಬ್ಬಂದಿಯನ್ನು ಸಿದ್ಧಗೊಳಿಸುವುದು ಅದರ ಉದ್ದೇಶಗಳಲ್ಲೊಂದು.

ಅನುಭವದ ದಾಖಲೆ

ಅನೇಕರು ಎಡವುವುದು ಪರೀಕ್ಷೆಯಲ್ಲಲ್ಲ, ಅರ್ಜಿಯಲ್ಲಿ. ‘ಮ್ಯಾನೇಜರ್’ ಎಂಬ ಹುದ್ದೆಯ ಹೆಸರು ಪಿ.ಎಂ.ಪಿ.ಗೆ ಅನಿವಾರ್ಯವಲ್ಲ, ಮಾಡಿದ ಕೆಲಸವೇನು ಎಂಬುದೇ ಮುಖ್ಯ. ಪೋಷಣಾ ಸಮೀಕ್ಷೆಯೊಂದರಲ್ಲಿ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿದ ಸಹಾಯಕಿಯನ್ನು, ಅದೇ ಸಮೀಕ್ಷೆಗೆ ತಂಡಗಳನ್ನು ನಿಯೋಜಿಸಿ, ವೇಳಾಪಟ್ಟಿ ಹಾಕಿ, ಖರ್ಚಿನ ಮಿತಿ ಕಾಯ್ದ ಸಹೋದ್ಯೋಗಿಯನ್ನು ಹೋಲಿಸಿ ನೋಡಿ. ಇಬ್ಬರದೂ ತಾತ್ಕಾಲಿಕ ಹುದ್ದೆಯೇ ಇರಬಹುದು. ಎರಡನೆಯವರ ಅವಧಿ ಲೆಕ್ಕಕ್ಕೆ ಸಲ್ಲುತ್ತದೆ. ಒಂದೇ ತಿಂಗಳಿನಲ್ಲಿ ಎರಡು ಯೋಜನೆಗಳನ್ನು ನಡೆಸಿದ್ದರೂ ಅದು ಒಂದೇ ತಿಂಗಳು.

ಕೆಲವು ಅರ್ಜಿಗಳನ್ನು ಸಂಸ್ಥೆಯು ತನಿಖೆಗೆ ಆರಿಸಿಕೊಳ್ಳುತ್ತದೆ. ಆಗ ಹಳೆಯ ಮೇಲಧಿಕಾರಿಗಳಿಂದ ದೃಢೀಕರಣ ತರಬೇಕಾಗುತ್ತದೆ. ವರ್ಗಾವಣೆಯಾದವರನ್ನೂ ನಿವೃತ್ತರಾದವರನ್ನೂ ಹುಡುಕಿಕೊಂಡು ಹೋಗುವುದು ಪ್ರಯಾಸದ ಕೆಲಸ. ಆದ್ದರಿಂದ ಪರೀಕ್ಷೆಯ ಯೋಚನೆ ಇನ್ನೂ ದೂರವಿದ್ದರೂ, ಪ್ರತಿ ಯೋಜನೆ ಮುಗಿದಾಗ ಅದರ ಆರಂಭ ಮತ್ತು ಮುಕ್ತಾಯದ ದಿನಾಂಕ, ತಾವು ವಹಿಸಿದ ಹೊಣೆ, ಮೇಲಧಿಕಾರಿಯ ಹೆಸರು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ತೇರ್ಗಡೆಯಾದ ಮೇಲೆ ನವೀಕರಣದ ಹೊಣೆಯೂ ಇದೆ: ಪಿ.ಎಂ.ಪಿ. ಪಡೆದವರು ಮೂರು ವರ್ಷಗಳಲ್ಲಿ 60 ಗಂಟೆಗಳ ಮುಂದುವರಿದ ಕಲಿಕೆಯನ್ನೂ, ಸಿ.ಎ.ಪಿ.ಎಂ. ಪಡೆದವರು 15 ಗಂಟೆಗಳನ್ನೂ ಪೂರೈಸಿ ನವೀಕರಣ ಶುಲ್ಕವನ್ನು ಪಾವತಿ ಮಾಡಬೇಕು.