ನಡುವಿನ ಮೂರು ವರ್ಷ ಬೀಗ

ಸ್ವೀಡನ್‌ನಲ್ಲಿ ಹದಿನಾರು ತುಂಬಿದವರಿಗೆ ಒಂದು ವಿಚಿತ್ರ ಉಡುಗೊರೆ ಸಿಗುತ್ತೆ: ತಮ್ಮದೇ ವೈದ್ಯಕೀಯ ದಾಖಲೆ! 1177 ಅನ್ನೋ ಜಾಲತಾಣಕ್ಕೆ ಹೋಗಿ ಲಾಗಿನ್ ಆದ್ರೆ ಡಾಕ್ಟರು ಬರೆದದ್ದು, ರಕ್ತಪರೀಕ್ಷೆಯ ರಿಪೋರ್ಟು, ಎಲ್ಲಾ ಮೊಬೈಲಲ್ಲೇ ಓದಬಹುದು.

ಅದಕ್ಕೂ ಮುಂಚೆ? ಮಗುವಿಗೆ 13 ತುಂಬೋವರೆಗೆ ಅಪ್ಪ-ಅಮ್ಮ ನೋಡಬಹುದು. 13 ಆಯ್ತೋ, ಅವರಿಗೆ ಬಾಗಿಲು ಬಂದ್. ಮಗುವಿಗೆ ತೆರೆಯೋದು ಮಾತ್ರ 16ಕ್ಕೆ. ನಡುವಿನ ಮೂರು ವರ್ಷ, ಸಾಮಾನ್ಯವಾಗಿ, ಮನೇಲಿ ಯಾರೂ ಆನ್‌ಲೈನಲ್ಲಿ ಓದೋ ಹಾಗಿಲ್ಲ. ಅಮ್ಮನಿಗೂ ಹೇಳದ ಮಾತನ್ನ ಈ ವಯಸ್ಸಿನವರು ಡಾಕ್ಟರ ಹತ್ರ ಹೇಳ್ಕೋತಾರಲ್ಲ, ಅದನ್ನ ಕಾಪಾಡೋಕೆ ಈ ಬೀಗ. ಒಪ್ಪೋಣ. ಆದ್ರೆ ಬೀಗದ ಕೈಯನ್ನ ಆ ಮಾತು ಹೇಳಿದವರ ಕೈಗೇ ಕೊಡಬಹುದಿತ್ತಲ್ವಾ?

ಸರಿ, 16 ಆಯ್ತು, ಓದಿದ್ರಿ. ನಿಮಗಿಲ್ಲದ ಅಲರ್ಜಿ ಅಲ್ಲಿದೆ! ಅಳಿಸಿಬಿಡಿ ಅಂದ್ರೆ ಅಷ್ಟು ಸುಲಭ ಅಲ್ಲ. ದಾಖಲೆ ನಾಶ ಮಾಡೋಕೆ ಐವಿಓ ಅನ್ನೋ ಸರ್ಕಾರಿ ಸಂಸ್ಥೆ ಒಪ್ಪಬೇಕು. ಆದ್ರೆ ‘ಇದು ತಪ್ಪು ಅಂತಾರೆ ರೋಗಿ’ ಅನ್ನೋದನ್ನ ದಾಖಲೆಯಲ್ಲೇ ಬರೆಯಲೇಬೇಕು. ಅಲ್ಲಿನ ಕಾನೂನು ಅದು. ಹದಿನಾರರ ಹುಡುಗಿ ಹೇಳಿದ್ರೂ ಅಷ್ಟೇ.