ಬೈದರೂ ಕೇಳಿಸಿಕೊಳ್ಳಬೇಕಾದ ಅಂಗಳ

ಹೆಸರಿಗೆ ಮೌನ್, ಆದರೆ 1991ರ ಜನವರಿಯ ಆ ದಿನ ಬೋಟ್ಸ್ವಾನಾದ ಈ ಊರು ಸುಮ್ಮನಿರಲಿಲ್ಲ. ಬೋರೊ ನದಿಯ ಪಾತ್ರವನ್ನು ಅಗೆದು ಆಳ ಮಾಡಿ, ಓಕವಾಂಗೋ ಮುಖಜಭೂಮಿಯ ನೀರನ್ನು ಕೆಳಕ್ಕೆ ಹರಿಸುವ ಯೋಜನೆ ಹೊತ್ತು ಸರ್ಕಾರದವರು ಬಂದಿದ್ದರು. ಒರಾಪಾದ ವಜ್ರದ ಗಣಿಗೂ ಆ ನೀರು ಬೇಕಿತ್ತು. 700ಕ್ಕೂ ಹೆಚ್ಚು ಜನ ಸೇರಿದರು. ಮೀನು, ಜೊಂಡು, ದನಕರು ಎಲ್ಲಕ್ಕೂ ನದಿಯನ್ನೇ ನಂಬಿದವರು ಸುಮಾರು ಆರು ಗಂಟೆ ಕಾಲ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು. ಕೆಲಸ ನಿಂತಿತು. ಮರುವರ್ಷ ಯೋಜನೆಯೇ ರದ್ದಾಯಿತು.

ಆ ಸಭೆ ನಡೆದದ್ದು ಖೋಟ್ಲಾದಲ್ಲಿ. ತ್ಸ್ವಾನಾ ಜನರಿಗೆ ಅದು ಜಾಗದ ಹೆಸರು, ಅಲ್ಲಿ ಸೇರುವ ಸಭೆಯ ಹೆಸರು, ಅಲ್ಲೇ ನಡೆಯುವ ನ್ಯಾಯಸ್ಥಾನದ ಹೆಸರೂ ಹೌದು. ಮರದ ಕಂಬಗಳನ್ನು ಒತ್ತೊತ್ತಾಗಿ ನೆಟ್ಟ ಅರ್ಧಚಂದ್ರಾಕಾರದ ಬೇಲಿ, ಒಳಗೆ ಬಯಲು, ಪಕ್ಕದಲ್ಲಿ ದೊಡ್ಡಿ. ದೊರೆಯನ್ನು ಖೋಸಿ ಎನ್ನುತ್ತಾರೆ. ವಿಷಯ ಮುಂದಿಟ್ಟ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ. ಖೋಸಿಯ ಮಾತು ಕೊನೆಗೆ. ಎಲ್ಲರ ಮಾತಿನ ಸಾರ ಹಿಡಿದು ಅವನು ತೀರ್ಮಾನ ಹೇಳಬೇಕು.

ಈ ಅಂಗಳದ ಕಾನೂನು ಗಾದೆಗಳಲ್ಲಿದೆ. ಖೋಟ್ಲಾದಲ್ಲಿ ಆಡಿದ ಮಾತೆಲ್ಲ ಒಳ್ಳೆಯದೇ ಎನ್ನುತ್ತದೆ ಒಂದು. ಕೆಟ್ಟದ್ದಾಡುವವನಿಗೂ ತನ್ನ ಮಾತು ಆಡುವ ಹಕ್ಕಿದೆ ಎನ್ನುತ್ತದೆ ಇನ್ನೊಂದು. ಖೋಸಿ ಖೋಸಿಯಾಗುವುದು ಜನರಿಂದ ಎಂಬುದು ಮೂರನೆಯದು.

ಮೂರನೆಯ ಗಾದೆಯ ಪರೀಕ್ಷೆ ಸೆರೋವೆ ಎಂಬ ಊರಿನ ಖೋಟ್ಲಾದಲ್ಲಿ ನಡೆಯಿತು. ಅಲ್ಲಿನ ಪಟ್ಟದ ವಾರಸುದಾರ ಸೆರೆತ್ಸೆ ಖಾಮಾ ಓದಲು ಇಂಗ್ಲೆಂಡಿಗೆ ಹೋಗಿ 1948ರಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ಯುವತಿಯನ್ನು ಮದುವೆಯಾದ. ರಾಜ್ಯ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ತ್ಶೆಕೆಡಿ ಒಪ್ಪಲಿಲ್ಲ. ಮೊದಲ ಸಭೆಗಳು ಸೆರೆತ್ಸೆಯ ಪರ ಇರಲಿಲ್ಲ. 1949ರ ಜೂನ್‌ನಲ್ಲಿ ಮತ್ತೆ ಸೇರಿದಾಗ ಮಾತ್ರ ಸಾವಿರಾರು ಜನ ಅವನ ಪರವಾಗಿ ಎದ್ದು ನಿಂತರು. ಆಗ ನಾಡನ್ನು ಆಳುತ್ತಿದ್ದ ಬ್ರಿಟಿಷರು ಅದನ್ನು ಲೆಕ್ಕಕ್ಕಿಡದೆ 1950ರಲ್ಲಿ ಅವನನ್ನು ದೇಶದಿಂದ ಹೊರಗಿಟ್ಟರು. ಆ ನಿರ್ಧಾರ ತಿಳಿಸಲು ಹೈಕಮಿಷನರ್ ಸೆರೋವೆಗೆ ಬಂದಾಗ ಜನ ಖೋಟ್ಲಾಕ್ಕೆ ಬರಲೇ ಇಲ್ಲ. ತೀರ್ಪು ಮೊದಲೇ ಬರೆದಿಟ್ಟ ಸಭೆಗೆ ಅವರು ಕೊಟ್ಟ ಉತ್ತರ ಖಾಲಿ ಬಯಲು. 1966ರಲ್ಲಿ ಸ್ವತಂತ್ರ ಬೋಟ್ಸ್ವಾನಾದ ಮೊದಲ ಅಧ್ಯಕ್ಷನಾದದ್ದು ಅದೇ ಸೆರೆತ್ಸೆ.

ಆದರೆ ಎಲ್ಲರ ಮಾತೂ ಒಳ್ಳೆಯದೆನ್ನುವ ಬೇಲಿಯೊಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಬಹುಕಾಲ ಅದು ಗಂಡಸರ ಜಾಗ. ಬೇಟೆಯಾಡಿ ಬದುಕುತ್ತಿದ್ದ ಸಾನ್ ಜನರೂ ಹೊರಗೇ. ಈಗ ಹೆಂಗಸರು ಬರುತ್ತಾರೆ, ಮಾತಾಡುತ್ತಾರೆ. ಬಲೆತೆ ಕುಲಕ್ಕಂತೂ ಮೊಸಾದಿ ಸೆಬೊಕೊ ಎಂಬ ಮಹಿಳೆಯೇ ಖೋಸಿಯಾದರು.

ಸ್ವಾತಂತ್ರ್ಯ ಬಂದ ಮೇಲೂ ಖೋಟ್ಲಾ ಉಳಿಯಿತು. ಮಂತ್ರಿಗಳು ಹೊಸ ನೀತಿ ತಿಳಿಸಲು ಇಲ್ಲಿಗೇ ಬರಬೇಕು. ಪಕ್ಷ ರಾಜಕೀಯಕ್ಕೆ ಮಾತ್ರ ಇಲ್ಲಿ ಜಾಗವಿಲ್ಲ. ಅದಕ್ಕೆ ‘ಫ್ರೀಡಂ ಸ್ಕ್ವೇರ್’ ಎಂಬ ಬೇರೆ ಬಯಲುಗಳಿವೆ. ರಾಜಧಾನಿ ಗ್ಯಾಬರೋನ್‌ನಲ್ಲಿ ತೀರ್ಮಾನಿಸಿ ಆಮೇಲೆ ಜನರನ್ನು ಕೇಳುವ ಶಾಸ್ತ್ರ ಮಾಡುತ್ತಾರೆಂಬ ದೂರೂ ಇದೆ. ಮೌನ್‌ಗೂ ಸರ್ಕಾರ ಬಂದದ್ದು ಹಾಗೆಯೇ, ಯೋಜನೆ ಸಿದ್ಧಮಾಡಿಕೊಂಡು. ಆದರೆ ಅಂಗಳಕ್ಕೆ ಬಂದ ಮೇಲೆ ಆರು ಗಂಟೆ ಕೂತು ಕೇಳಲೇಬೇಕಾಯಿತು.

ಅಂದು ಜನ ಪಟ್ಟುಹಿಡಿದು ಉಳಿಸಿಕೊಂಡ ಓಕವಾಂಗೋ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಅದರ 1000ನೆಯ ತಾಣವಾಗಿ.